ಲೇಬಲ್ಲಿನಲ್ಲಿ ಇಲ್ಲದ ಹೆಸರು

‘ಸಿರುಗುಪ್ಪ. ಬುರ್ರಕಥೆ. ಹೆಣ್ಣು, ವಯಸ್ಸು ಸುಮಾರು 60. ಎ ಸೈಡು ಪೂರ್ತಿ, ಬಿ ಸೈಡು ಅರ್ಧ.’

1994ರ ಬೇಸಿಗೆಯಲ್ಲಿ ಕ್ಯಾಸೆಟ್ಟಿನ ಮೇಲೆ ನಾನೇ ಬರೆದದ್ದು ಇಷ್ಟು. ಹಾಡಿದವಳ ಹೆಸರಿಲ್ಲ. ಬರೆಯಲು ಮರೆತೆ ಅಂದರೆ ಸುಳ್ಳಾಗುತ್ತದೆ. ಅದು ಬೇಕು ಅಂತ ಆಗ ಅನ್ನಿಸಿರಲೇ ಇಲ್ಲ. ನನಗೆ ಬೇಕಿದ್ದದ್ದು ಕಾವ್ಯ.

ಊರ ಅಂಚಿನಲ್ಲಿ ಕಥೆ ಹಾಡಿ ಬದುಕುತ್ತಿದ್ದ ಬುಡ್ಗಜಂಗಮರ ಹತ್ತಿಪ್ಪತ್ತು ಗುಡಿಸಲುಗಳಿದ್ದವು. ಅಜ್ಜಿ ತಂಬೂರಿ ಹಿಡಿದು ನಡುವೆ ನಿಂತರೆ ಆಚೆ ಈಚೆ ಡಿಮ್ಮಿ ಬಾರಿಸುವ ಇಬ್ಬರು ಹೆಂಗಸರು, ಅವರಲ್ಲಿ ಒಬ್ಬಳು ಸೊಸೆ. ಕಥೆ ಕನ್ನಡದಲ್ಲಿ ನಡೆಯುತ್ತಿತ್ತು. ನಡುನಡುವೆ ಅಜ್ಜಿ ಸೊಸೆಗೆ ಏನಾದರೂ ಹೇಳುವುದಿದ್ದರೆ ಮಾತ್ರ ಅವರ ಮನೆಮಾತು ಬರುತ್ತಿತ್ತು. ಅದೊಂದು ಬಗೆಯ ತೆಲುಗು, ಆದರೆ ಸಿರುಗುಪ್ಪದ ಅಂಗಡಿ ಬೀದಿಯಲ್ಲಿ ಕೇಳುವ ತೆಲುಗಲ್ಲ. ಅದು ಶುರುವಾದ ಕೂಡಲೇ ನಾನು ಪಾಜ್ ಬಟನ್ ಒತ್ತುತ್ತಿದ್ದೆ. ಕ್ಯಾಸೆಟ್ಟು ನನ್ನ ದುಡ್ಡಿನದು, ಅರವತ್ತು ನಿಮಿಷದ್ದು.

ಅಜ್ಜಿ ಗಮನಿಸಿದಳು. ‘ನಿನ್ನ ಮಷಿನ್ನು ಬರೀ ಕತಿ ತಿಂತೈತೇನಪ್ಪಾ? ನಮ್ ಮನಿ ಮಾತು ಬಂತಂದ್ರ ಬಾಯಿ ಮುಚ್ಕಂತೈತಲ್ಲ’ ಅಂದಳು. ನಾನು ಉತ್ತರ ಕೊಡಲಿಲ್ಲ.

ಆ ದಿನಗಳಲ್ಲಿ ಬಳ್ಳಾರಿಯಲ್ಲಿ ಕೂತು ಓದಿದ್ದೆಲ್ಲ ಹಳೆಯ ಅಧಿಕಾರಿಗಳ ಪುಸ್ತಕ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು; ನಮ್ಮ ಜನರ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರೂ ಅಲ್ಲಿನ ಸರಕಾರಿ ನೌಕರರೇ. ಫಾಸೆಟ್ ಎಂಬ ಪೊಲೀಸ್ ಅಧಿಕಾರಿ 1890ರ ದಶಕದ ಆರಂಭದಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳಾದ ಬಸವಿಯರ ಬಗ್ಗೆ ಬರೆದ. 1904ರಲ್ಲಿ ಫ್ರಾನ್ಸಿಸ್‌ನ ಜಿಲ್ಲಾ ಗೆಜೆಟಿಯರ್ ಬಂತು. 1909ರಲ್ಲಿ ಥರ್ಸ್ಟನ್ನನ ಏಳು ಸಂಪುಟಗಳು ಬಂದವು. ಮದ್ರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಈ ಮನುಷ್ಯ ಸಿಕ್ಕವರ ತಲೆ, ಮೂಗುಗಳನ್ನು ಸಲಕರಣೆ ಹಿಡಿದು ಅಳೆದು ಜಾತಿವಾರು ಸರಾಸರಿ ಹಾಕಿದ. ಅಳತೆ ಉಳಿಯಿತು, ಅಳೆಸಿಕೊಂಡವರು ಯಾರು ಅನ್ನುವುದು ಉಳಿಯಲಿಲ್ಲ. ಅದನ್ನು ಓದಿ ನನಗೆ ಸಿಟ್ಟು ಬಂದಿತ್ತು. ನನ್ನ ಲೇಬಲ್ಲೂ ಅದೇ ಸಾಲಿನದು ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ತಿಳಿಸಿದ್ದು ಬುರ್ರಕಥೆಯ ದರೋಜಿ ಈರಮ್ಮ. ಅಜ್ಜಿಯ ಸಮುದಾಯದವರೇ, ಸಂಡೂರು ತಾಲ್ಲೂಕಿನವರು, ಅಕ್ಷರ ಕಲಿತವರಲ್ಲ. ಹನ್ನೆರಡು ಕಾವ್ಯ ಅವರ ಬಾಯಲ್ಲಿದ್ದವು. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ಅವರಿಗೆ ನಾಡೋಜ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಹೆಸರು ಹಿಡಿದು ಬರೆದವು. ಹಾಡಿದವಳನ್ನು ಕವಿ ಎಂದು ಕಂಡರೆ ಏನಾಗುತ್ತದೆ ಎಂಬುದು ಆಗ ನನಗೆ ಕಂಡಿತು. ನನ್ನ ಕ್ಯಾಸೆಟ್ಟಿನ ಅಜ್ಜಿಗೆ ಆ ಮನ್ನಣೆ ಸಿಗಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ.

ಕಲೆ ಹೋಯಿತು ಎಂದು ಟಿ.ವಿ., ಮೊಬೈಲನ್ನು ದೂರುವವರು ಕುರುಗೋಡಿನ ಕಡೆಯ ಗದ್ದೆ ನೋಡಬೇಕು. ತುಂಗಭದ್ರಾ ಕಾಲುವೆ ಬಂದ ಮೇಲೆ ಅಲ್ಲಿ ಭತ್ತದ್ದೇ ಬೇಸಾಯ. ಕೊಯ್ಲಾದ ಮೇಲೆ ಕಣ, ಕಣದಲ್ಲಿ ರಾಶಿ, ರಾಶಿಯ ಮುಂದೆ ಕಥೆ ಹೇಳುವವರು. ದೊಡ್ಡಬಸವೇಶ್ವರ ಜಾತ್ರೆಗೆ ಬಂದವರು ಅಕ್ಕಪಕ್ಕದ ಹಳ್ಳಿಗಳ ಕಣ ಸುತ್ತಿಯೇ ಮರಳುತ್ತಿದ್ದರು. ಒಂದು ಮೊರ ಭತ್ತ ಕೊಡುವುದು ರೈತನಿಗೆ ಭಾರವಾಗಿರಲಿಲ್ಲ. ಈಗ ಕಟಾವು ಮಷಿನ್ನು ಗದ್ದೆಗಿಳಿದು ಮಧ್ಯಾಹ್ನದೊಳಗೆ ಭತ್ತವನ್ನು ಟ್ರ್ಯಾಕ್ಟರಿಗೆ ಸುರಿಯುತ್ತದೆ. ಕಣವೇ ಇಲ್ಲ. ಕಥೆ ಎಲ್ಲಿ ನಿಂತು ಹೇಳಬೇಕು? ಇದರಲ್ಲಿ ರೈತನ ತಪ್ಪೂ ಇಲ್ಲ. ಕೇಳುವ ಆಸೆ ಸತ್ತಿಲ್ಲ, ಕಥೆಗೆ ಕೂಲಿ ಸಿಗುತ್ತಿದ್ದ ಜಾಗ ಸತ್ತಿದೆ. ನಮ್ಮ ಟಿಪ್ಪಣಿಗಳಲ್ಲಿ ರಾಗ, ತಾಳ, ಕಥಾಸಾರ ಎಲ್ಲ ಇದ್ದವು. ಯಾವ ಕಣದಲ್ಲಿ ಎಷ್ಟು ಸೇರು ಸಿಕ್ಕಿತು ಎಂದು ಬರೆದದ್ದು ನೆನಪಿಲ್ಲ.

ಕಳೆದ ವರ್ಷ ಅಜ್ಜಿಯ ಮೊಮ್ಮಗಳು ಫೋನ್ ಮಾಡಿದಳು. ಬಳ್ಳಾರಿಯಲ್ಲಿ ಡಿಗ್ರಿ ಓದುವ ಹುಡುಗಿ. ‘ಸರ್, ನಮ್ಮಜ್ಜಿ ದನಿ ನಿಮ್ಹತ್ರ ಐತಂತ.’ ನಾನು ಒಂದು ಕಡೆ ಒಪ್ಪಿಸಿದ್ದ ಏಳು ಕ್ಯಾಸೆಟ್ಟುಗಳಲ್ಲಿ ಸಿಕ್ಕಿದ್ದು ಮೂರು. ಒಂದಕ್ಕೆ ಬೂಷ್ಟು ಹಿಡಿದಿತ್ತು. ಉಳಿದೆರಡನ್ನು ಕಂಪ್ಯೂಟರಿಗೆ ಹಾಕಿಸಿ ಅವಳ ಫೋನಿಗೆ ಕೊಟ್ಟೆ. ಹೊಸ ಲೇಬಲ್ಲು ಅವಳೇ ಬರೆದಳು: ಅಜ್ಜಿಯ ಹೆಸರು ಮೊದಲು, ಊರು ಆಮೇಲೆ. ಆ ಹೆಸರನ್ನು ಇಲ್ಲಿ ಹಾಕುವುದು ಬಿಡುವುದು ಅವರ ಮನೆಯವರಿಗೆ ಸೇರಿದ ತೀರ್ಮಾನ. ನಾನಿನ್ನೂ ಅವರನ್ನು ಕೇಳಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತು ಕೇಳಿದೆವು. ಕಥೆ ಬಂದಾಗ ಅವಳು ಸುಮ್ಮನಿದ್ದಳು. ಬಿ ಸೈಡಿನಲ್ಲಿ ಒಂದು ಕಡೆ ನಾನು ಪಾಜ್ ಒತ್ತುವುದು ತಡವಾಗಿದೆ. ಆರೇಳು ಸೆಕೆಂಡು ಮನೆಮಾತು ಉಳಿದುಬಿಟ್ಟಿದೆ. ಅಷ್ಟನ್ನೇ ಹಿಂದಕ್ಕೆ ಸರಿಸಿ ಮೂರು ಸಲ ಕೇಳಿದಳು.

‘ಡಿಮ್ಮಿ ಬಿಸಿಲಿಗಿಡು ಅಂತ ನಮ್ಮವ್ವಗ ಹೇಳಕತ್ತಾಳ ಸರ್. ಈ ಹುಡುಗ ಈಗಲೇ ಏಳಂಗಿಲ್ಲ ಅಂತ. ನಡುವಿಂದು ಒಂದು ಮಾತು ನನಗ ತಿಳೀಲಿಲ್ಲ. ಮನಿಗೆ ಹೋಗಿ ಅವ್ವನ್ನ ಕೇಳ್ತೀನಿ.’