ನಂದೂರಿನ ಬೇಳೆ, ಬೆಂಗಳೂರಿನ ನೌಕರಿ

ಕಲಬುರಗಿಯ ಗದ್ದಲ ದಾಟಿ ನಂದೂರ ಕೈಗಾರಿಕಾ ಪ್ರದೇಶಕ್ಕೆ ಬಂದರೆ ಮೊದಲು ಎದುರಾಗುವುದು ತೊಗರಿ ಹೊಟ್ಟಿನ ವಾಸನೆ. ಕಾಳಿಗೆ ಎಣ್ಣೆ ಸವರಿ, ಬಿಸಿಲಿಗೆ ಹರವಿ, ಸಿಪ್ಪೆ ಬಿಡಿಸಿ ಬೇಳೆ ಒಡೆಯುವ ದಾಲ್ ಮಿಲ್ಲುಗಳು ಇಲ್ಲಿವೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸೀಮೆಯ ತೊಗರಿಗೂ ಮಾರುಕಟ್ಟೆಯ ಏರಿಳಿತ ತಪ್ಪಿಲ್ಲ. ಆವಕ ನಿಂತರೆ ಯಂತ್ರ ನಿಲ್ಲುತ್ತದೆ. ಹಮಾಲರ ಕೂಲಿಯೂ ನಿಲ್ಲುತ್ತದೆ.

ವ್ಯಾಪಾರ ಬಿದ್ದಾಗ ಪೆಟ್ಟು ಮೊದಲು ಯಾರಿಗೆ ತಗಲಬೇಕು? ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ಇದಕ್ಕೊಂದು ಉತ್ತರ ಕೊಟ್ಟಿದ್ದುಂಟು. 1981ರಲ್ಲಿ ಆರು ಮಂದಿ ಜೊತೆಗಾರರೊಡನೆ ಕಂಪನಿ ಕಟ್ಟಿದ ಶಿಡ್ಲಘಟ್ಟದ ಈ ಎಂಜಿನಿಯರ್, 2017ರಲ್ಲಿ ಸಾಫ್ಟ್‌ವೇರ್ ಕಂಪನಿಗಳು ಜನರನ್ನು ಕೈಬಿಡುತ್ತಿದ್ದಾಗ 2001ರ ಕುಸಿತವನ್ನು ನೆನೆದರು. ಆಗ ಹಿರಿಯ ಅಧಿಕಾರಿಗಳು ಕೂಡಿ ಕೂತು ಮಾತಾಡಿ, ತಮ್ಮ ಸಂಬಳವನ್ನೇ ಕಡಿಮೆ ಮಾಡಿಕೊಂಡು ಕಿರಿಯರ ಕೆಲಸ ಉಳಿಸಿದರಂತೆ. ಮೇಲಿನವರಿಂದ ಕಡಿತ ಶುರುವಾಗಲಿ ಎಂಬ ಈ ವ್ಯಾಪಾರನೀತಿ ನನಗೆ ಹಿಡಿಸಿತು.

ಆದರೆ ಅದೇ ಕಂಪನಿಗೆ 2022ರಲ್ಲಿ ಆಯ್ಕೆಯಾದ ಅನೇಕ ಹುಡುಗರು ಕೆಲಸಕ್ಕೆ ಸೇರಲು ಎರಡು ವರ್ಷ ಕಾಯಬೇಕಾಯಿತು. ಆ ಹೊತ್ತಿಗೆ ಮೂರ್ತಿಯವರು ಆಡಳಿತದಲ್ಲಿರಲಿಲ್ಲ, ಅದನ್ನೂ ಹೇಳಬೇಕು.

1958ರಲ್ಲಿ ಶುರುವಾದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಕಲಬುರಗಿಯಲ್ಲೇ ಇದೆ. ಓದು ಇಲ್ಲಿ ಮುಗಿದರೂ ನೌಕರಿಗೆ ಬೆಂಗಳೂರಿನ ರೈಲು ಹತ್ತುವವರೇ ಹೆಚ್ಚು. ನಂದೂರಿನ ಚಹಾ ಅಂಗಡಿಯಲ್ಲಿ ಸಿಕ್ಕ ತಂದೆಯೊಬ್ಬರು ಮಗನ ಪತ್ರ ತೋರಿಸಿದರು. "ಹುಡುಗ ಸೆಲೆಕ್ಟ್ ಆಗ್ಯಾನ್ರೀ. ಖರೇನ ಕರೀತಾರೇನ್ರೀ?"

ಸೇರುವ ತಾರೀಖು ಹುಡುಕಿದೆ. ಪತ್ರದಲ್ಲಿ ಇರಲಿಲ್ಲ.