ದಲಾಲರಿಲ್ಲದೆ ಮನೆ ಮಾರಿದ್ದು

ಮೂವತ್ನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಕೊಂಡ ಬೆಲೆ, ಮಾರಿದ ಬೆಲೆ, ಶೇಕಡಾ ಲಾಭ, ಶೇಕಡಾ ನಷ್ಟ ಎಂಬ ಅಧ್ಯಾಯವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ್ದೇನೋ ನೆನಪಿಲ್ಲ. ಆದರೆ ಹಳೆಯ ಸೈಕಲ್ಲೊಂದನ್ನು ಬಿಟ್ಟರೆ ನಿವೃತ್ತಿಯವರೆಗೆ ನಾನಾಗಿ ಏನನ್ನೂ ಮಾರಿದವನಲ್ಲ. ಅಂಥವನು 2024ರ ಫೆಬ್ರವರಿಯಲ್ಲಿ ಅಜ್ಜ ಕೊಂಡಿದ್ದ ಮನೆಯನ್ನು ದಲಾಲರ ಸಹಾಯವಿಲ್ಲದೆ ಮಾರಿದೆ. ಅದು ಹೇಗಾಯಿತೆಂದು ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಒಮ್ಮೆಗೇ ಉತ್ತರವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಥಣಿ ತಾಲ್ಲೂಕಿನ ಅನಂತಪುರ ನಮ್ಮ ಮೂಲ ಊರು. ಮಹಾರಾಷ್ಟ್ರದ ಗಡಿ ಅಲ್ಲಿಂದ ದೂರವಿಲ್ಲ. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ ಮರಾಠಿಯಲ್ಲಿ ಚೌಕಾಶಿ ಮಾಡುವುದು ಅಲ್ಲಿಯವರಿಗೆ ಸಹಜ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಸಾಗವಾನಿಯ ಬಾಗಿಲು, ಎತ್ತರದ ಪಡಸಾಲೆ, ಒಳಗೆ ಕಾಲಿಟ್ಟೊಡನೆ ಎಡಕ್ಕೆ ದನ ಕಟ್ಟುತ್ತಿದ್ದ ಗೋದಲಿ, ಬಲಕ್ಕೆ ದೇವರ ಜಗಲಿ. ತಂದೆ 1998ರಲ್ಲಿ ತೀರಿಕೊಂಡರು, ತಾಯಿ 2011ರಲ್ಲಿ. ಆಮೇಲೆ ನಾನು ಚಿಕ್ಕೋಡಿಯಲ್ಲಿ, ಮಗ ಪುಣೆಯಲ್ಲಿ, ತಂಗಿ ತನ್ನ ಗಂಡನ ಊರಿನಲ್ಲಿ. ವರ್ಷಕ್ಕೆರಡು ಸಲ ಹೋಗಿ ಬೀಗ ತೆಗೆದು, ಜೇಡರ ಬಲೆ ಹೊಡೆದು, ದೀಪ ಹಚ್ಚಿ ಬರುತ್ತಿದ್ದೆ. 2023ರ ಮಳೆಗಾಲದಲ್ಲಿ ಹಿಂದಿನ ಗೋಡೆ ಒಂದು ಮೊಳದಷ್ಟು ಕುಸಿಯಿತು. ಬೀಗ ಹಾಕಿದ ಮನೆಯನ್ನು ಉಳಿಸಿಕೊಂಡಿದ್ದೇನೆ ಎಂಬುದು ಬರಿಯ ಮಾತು, ಮನೆ ತನ್ನಷ್ಟಕ್ಕೆ ತಾನೇ ಹೋಗುತ್ತಿದೆ ಎಂದು ಅಂದು ಅರಿವಾಯಿತು.

ಮಾರುವ ಸುದ್ದಿ ಹಬ್ಬಿದ ವಾರದೊಳಗೆ ದಲಾಲರೊಬ್ಬರು ಮನೆಗೆ ಬಂದರು. ವಿನಯವಂತರು. ಹದಿನಾಲ್ಕು ಲಕ್ಷ ಬರುತ್ತದೆ, ನೂರಕ್ಕೆ ಎರಡರಂತೆ ದಲಾಲಿ ಕೊಟ್ಟರೆ ಸಾಕು ಎಂದರು. ಚಹಾ ಮುಗಿಯುವುದರೊಳಗೆ ಎರಡು ಹಿತವಚನಗಳನ್ನೂ ಹೇಳಿದರು. ಮೊದಲನೆಯದು, ಕಾಗದದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಪಡೆಯುವುದು. ಎರಡನೆಯದು, “ಉತಾರದಾಗ ನಿಮ್ಮೊಬ್ಬರದ ಹೆಸರು ಐತಲ್ರೀ ಗುರುಗಳ, ತಂಗಿಯವರನ್ನ ಯಾಕ ನಡುವ ತರತೀರಿ?” ಎಂಬುದು. ಅವರನ್ನು ಬಾಗಿಲವರೆಗೆ ಕಳಿಸಿ ಬಂದು, ನಾನೇ ಮಾರುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಳು. ಆ ನಗುವಿನ ಅರ್ಥ ಆಮೇಲೆ ತಿಳಿಯಿತು.

ಮೊದಲು ಕಾಗದಗಳ ಕೆಲಸ. ಅಜ್ಜ ಆ ಮನೆಯನ್ನು ಕೊಂಡದ್ದು 1946ರಲ್ಲಿ, ಆರುನೂರು ರೂಪಾಯಿಗೆ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಖರೇದಿ ಪತ್ರ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿತ್ತು. ನಮ್ಮ ಮನೆಯ ಕಾಗದವನ್ನು ನಾನೇ ಓದಲಾರೆ! ಮೋಡಿ ಬಲ್ಲ ಹಿರಿಯರೊಬ್ಬರನ್ನು ಹುಡುಕಿ ಓದಿಸಿ, ಕನ್ನಡದಲ್ಲಿ ಬರೆದುಕೊಂಡೆ. ನಾಲ್ಕು ದಿಕ್ಕಿನ ಚಕ್ಕುಬಂದಿಯಲ್ಲಿ ಹೆಸರಿಸಿದ್ದ ನಾಲ್ವರಲ್ಲಿ ಮೂವರ ಮನೆತನಗಳು ಇಂದಿಗೂ ಅಲ್ಲೇ ಇವೆ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ ಮಾರಬೇಕಾದರೆ ಇ-ಸ್ವತ್ತು ವ್ಯವಸ್ಥೆಯಲ್ಲಿ ಹೊರಡುವ ನಮೂನೆ 9 ಮತ್ತು 11 ಬೇಕು. ಕೈಬರಹದ ಹಳೆಯ ಉತಾರ ನಡೆಯುವುದಿಲ್ಲ. ಅದಕ್ಕೆ ಮೊದಲು ಭೂಮಾಪಕರಿಂದ ಅಳತೆಯಾಗಿ ನಕ್ಷೆ ಸಿದ್ಧವಾಗಬೇಕು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆಯಬೇಕು. ವ್ಯವಹಾರಗಳು ನಡೆದಿದ್ದರೆ ಅದು ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. ಇವಿಷ್ಟೂ ಕೈಯಲ್ಲಿರದೆ ಗಿರಾಕಿಯನ್ನು ಕರೆಯುವುದು, ಪಾಠ ಓದಿಕೊಳ್ಳದೆ ತರಗತಿಗೆ ಹೋದಂತೆ. ನನಗೆ ಇದಕ್ಕೆಲ್ಲ ಐದು ತಿಂಗಳು ಹಿಡಿಯಿತು. ಕಷ್ಟವೇನಿರಲಿಲ್ಲ, ಬೇಕಾದದ್ದು ಕಾಲ, ಮತ್ತು ಕಾಗದದ ಮೂರು ಮೂರು ಪ್ರತಿ.

ಆ ಐದು ತಿಂಗಳಲ್ಲಿ ಹೆಚ್ಚಿನ ಪಾಲು ಹೋದದ್ದು ತಂಗಿಯ ಹೆಸರು ಸೇರಿಸಲು. ತಂದೆ ಮರಣಪತ್ರ ಬರೆದಿಟ್ಟಿರಲಿಲ್ಲ. ತಾಯಿಯೂ ಹೋದ ಮೇಲೆ ಆ ಮನೆಯಲ್ಲಿ ನನ್ನಷ್ಟೇ ಹಕ್ಕು ಅವಳಿಗೂ ಇತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೇ ಜಾರಿಗೆ ಬಂತು. ಇಡೀ ದೇಶಕ್ಕೆ 2005ರ ಸೆಪ್ಟೆಂಬರ್ 9ರಿಂದ. ಕಾನೂನು ಹೀಗಿದ್ದರೂ ನಮ್ಮ ಕಡೆಯ ರೂಢಿ ಬೇರೆ. ಸೀರೆ, ಕುಪ್ಪಸ, ಒಂದಿಷ್ಟು ಹಣ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದು. ಅಷ್ಟನ್ನೂ ಮಾಡದೆ, ತಂದೆ ತೀರಿದಾಗ ಪಂಚಾಯಿತಿಯಲ್ಲಿ ನನ್ನೊಬ್ಬನ ಹೆಸರು ಹಚ್ಚಿಸಿಕೊಂಡು ಇಪ್ಪತ್ತೈದು ವರ್ಷ ಸುಮ್ಮನಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದಲಾಲರ ಮಾತಿಗೆ ಸಿಟ್ಟು ಬಂದದ್ದಕ್ಕೆ ಒಂದು ಕಾರಣ, ಅವರು ಹೇಳಿದ್ದನ್ನು ನಾನು ಆಗಲೇ ಮಾಡಿಯಾಗಿತ್ತು ಎಂಬುದು.

ತಂಗಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿ, ಅರ್ಧ ಹಣ ನಿನ್ನದು, ಎಲ್ಲಿ ಸಹಿ ಬೇಕೋ ಹೇಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದಳು: “ಬಿಟ್ಟು ಕೊಟ್ಟೆ ಅಂತ ಬರಸಬ್ಯಾಡ ಅಣ್ಣ. ಮಾರಿದೆ ಅಂತ ಬರಸು.” ವಾರಸಾ ಅರ್ಜಿ ಕೊಟ್ಟು, ಕಚೇರಿಗೆ ಅಲೆದು, ನವೆಂಬರ್ ತಿಂಗಳಲ್ಲಿ ಇಬ್ಬರ ಹೆಸರಿನಲ್ಲಿ ನಮೂನೆ ಕೈಗೆ ಬಂತು.

ಗಿರಾಕಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ‘ಮನೆ ಮಾರಾಟಕ್ಕಿದೆ’ ಎಂದು ರಟ್ಟಿನ ಮೇಲೆ ನಾನೇ ಬರೆದು ಬಾಗಿಲಿಗೆ ಕಟ್ಟಿದೆ. ಅಕ್ಷರ ಮೇಷ್ಟರದೇ ಎಂದು ಊರಿಗೆ ಗೊತ್ತಾಯಿತು. ನಾಲ್ಕಾರು ಜನ ಬಂದು ನೋಡಿದರು. ಐದನೆಯವನು ನನ್ನ ಹಳೆಯ ವಿದ್ಯಾರ್ಥಿ. ಟ್ರ್ಯಾಕ್ಟರ್ ಇಟ್ಟುಕೊಂಡು ಕಾರ್ಖಾನೆಗೆ ಕಬ್ಬು ಸಾಗಿಸುತ್ತಾನೆ. ಬಂದವನೇ ಕಾಲಿಗೆರಗಿದ. ಮನೆಯೆಲ್ಲ ತೋರಿಸಿದೆ. ದಲಾಲರಿಂದ ಕೇಳಿದ್ದ ಅಂಕಿಯನ್ನೇ ನಾನೂ ಹೇಳಿದೆ: ಹದಿನಾಲ್ಕು ಲಕ್ಷ. “ಆಗಲ್ರಿ ಸರ್” ಎಂದ. ಅಷ್ಟೇ. ಇಷ್ಟು ಸುಲಭದ ಕೆಲಸಕ್ಕೆ ಜನ ದಲಾಲಿ ಏಕೆ ಕೊಡುತ್ತಾರೋ ಎಂದು ಹಿಗ್ಗಿದೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಪಡಸಾಲೆಯ ಕೆಳಗೆ ಒಂದು ಹಗೇವು ಇದೆ. ಜೋಳ ತುಂಬಿಡುತ್ತಿದ್ದ ನೆಲಮಾಳಿಗೆಯ ಗುಂಡಿ. ಉತ್ತರ ಕರ್ನಾಟಕದ ಓದುಗರಿಗೆ ವಿವರಿಸಬೇಕಿಲ್ಲ. 1978ರಲ್ಲಿ ತಂದೆ ಅದಕ್ಕೆ ಸಿಕ್ಕ ಮಣ್ಣು ತುಂಬಿಸಿ ಮೇಲೆ ಶಹಾಬಾದ್ ಕಲ್ಲು ಹಾಸಿದರು. ಮಣ್ಣು ಕುಗ್ಗಿ ಒಳಗೆ ಪೊಳ್ಳಾಗಿದೆ, ಹಿಮ್ಮಡಿಯಿಂದ ಒತ್ತಿ ನಡೆದರೆ ಸದ್ದು ಬೇರೆ ಬರುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನಂತೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಮಾರುವವನಿಗೆ ಗೊತ್ತಿರುವ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು. ಆ ಸಂಜೆ ನಾನು ಅದೇ ಕಲ್ಲಿನ ಮೇಲೆ ನಿಂತು ಬೆಲೆ ಹೇಳಿದೆ, ಹಗೇವಿನ ಮಾತೆತ್ತಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ‘ನಾಳೆ’ ಎಂಬುದನ್ನು ಯಾವ ದಲಾಲನೂ ನನಗೆ ಕಲಿಸಿರಲಿಲ್ಲ.

ರಾತ್ರಿ ತಂಗಿಗೆ ಸುದ್ದಿ ತಿಳಿಸಿದೆ. “ಏನೇನೂ ಇಳಿಸಲಿಲ್ಲೇನು?” ಎಂದು ಕೇಳಿದಳು. ಇಲ್ಲ ಎಂದೆ. “ಹಂಗಾದರ ಅವ ಬೆಲಿ ಒಪ್ಪಿಲ್ಲ ಅಣ್ಣ. ನಿನ್ನ ಮಾತು ಕೇಳ್ಯಾನ.”

ನಿದ್ರೆ ಬರಲಿಲ್ಲ. ಆ ಹುಡುಗ ಒಂಬತ್ತನೆಯ ತರಗತಿಯಲ್ಲಿ ಮೂರನೆಯ ಸಾಲಿನ ಕೊನೆಗೆ ಕೂರುತ್ತಿದ್ದ. ಪಾಠ ಮುಗಿಸಿ, ತಿಳಿಯಿತೇ ಎಂದು ಕೇಳಿದರೆ ಎಲ್ಲರಿಗಿಂತ ಮೊದಲು “ತಿಳೀತ್ರಿ ಸರ್” ಎನ್ನುತ್ತಿದ್ದವನು ಅವನೇ. ಪರೀಕ್ಷೆಯ ಪತ್ರಿಕೆ ತಿದ್ದುವಾಗ ಏನೂ ತಿಳಿದಿಲ್ಲವೆಂದು ಗೊತ್ತಾಗುತ್ತಿತ್ತು. “ಆಗಲ್ರಿ ಸರ್” ಎಂದದ್ದೂ ಅದೇ ದನಿಯಲ್ಲಿ. ಮೂವತ್ತು ವರ್ಷದ ಹಿಂದೆ ನನ್ನ ಮುಂದೆ ತಿಳಿಯಲಿಲ್ಲ ಎನ್ನಲು ಅಂಜಿದವನು ಈಗ ಹೆಚ್ಚಾಯಿತು ಎನ್ನಲು ಅಂಜಿದ್ದ. ಹೆಂಡತಿಯ ಬಂಗಾರ ಒತ್ತೆ ಇಡಲು ಹೊರಟಿದ್ದಾನೆಂದು ಮರುದಿನ ಬೇರೆಯವರಿಂದ ತಿಳಿಯಿತು.

ಆಗ ಚಿಕ್ಕಂದಿನಲ್ಲಿ ಕಂಡ ದನದ ಜಾತ್ರೆಯ ನೆನಪಾಯಿತು. ಕೊಳ್ಳುವವನ ಮತ್ತು ಮಾರುವವನ ನಡುವೆ ದಲಾಲ ನಿಲ್ಲುತ್ತಿದ್ದ. ಹೆಗಲ ಮೇಲಿನ ವಸ್ತ್ರ ಕೈಮೇಲೆ ಹಾಕಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು. ಸುತ್ತಲಿನವರಿಗೆ ಗುಟ್ಟಾಗಿರಲಿ ಎಂದು ಹಾಗೆ ಮಾಡುತ್ತಾರೆ ಎಂದು ತಂದೆ ಹೇಳುತ್ತಿದ್ದರು. ಗುಟ್ಟಿನ ಜೊತೆಗೆ ಆ ವಸ್ತ್ರ ಇನ್ನೊಂದನ್ನೂ ಕಾಯುತ್ತಿತ್ತೆಂದು ನನಗೀಗ ಅನ್ನಿಸುತ್ತದೆ. ಬೀಗರಾಗಲಿ, ನೆರೆಯವರಾಗಲಿ, ಗುರುಶಿಷ್ಯರಾಗಲಿ, ಮುಖ ಕೆಡಿಸಿಕೊಳ್ಳದೆ ‘ಒಲ್ಲೆ’ ಎನ್ನಲು ಅದು ದಾರಿ ಮಾಡಿಕೊಡುತ್ತಿತ್ತು. ದಲಾಲಿಯನ್ನು ಉಳಿಸಿದ ನಾನು ಆ ವಸ್ತ್ರವನ್ನೂ ತೆಗೆದುಹಾಕಿದ್ದೆ. ಚೌಕಾಶಿ ಮಾಡಲಾರದವನೆದುರು ಬೆಲೆ ಕಟ್ಟುವುದು, ಪ್ರಶ್ನೆ ಕೇಳಲಾರದವನಿಗೆ ಪಾಠ ಹೇಳಿದಂತೆಯೇ.

ಅವನನ್ನು ಕರೆಸಿ ಮೊದಲು ಹಗೇವಿನ ವಿಷಯ ಹೇಳಿದೆ. ಕಲ್ಲು ಎತ್ತಿಸಿ ತೋರಿಸಿದೆ. ಆಮೇಲೆ, ನೀನು ನನ್ನೊಡನೆ ಮಾತಾಡಬೇಡ, ನಿನ್ನ ಪರವಾಗಿ ಮಾತಾಡುವವರನ್ನು ಕರೆತಾ ಎಂದೆ. ಊರಿನ ಮುದುಕ ಗೌಂಡಿಯೊಬ್ಬರನ್ನು ಕರೆತಂದ. ಅವರಿಗೆ ನನ್ನ ಮೇಲೆ ಯಾವ ಗುರುಭಕ್ತಿಯೂ ಇರಲಿಲ್ಲ. ಒಂದು ತೊಲೆಗೆ ಹುಳ ಹಿಡಿದಿದೆ, ಹಗೇವು ಬಗೆದು ಕಲ್ಲು ತುಂಬಿಸಬೇಕು, ಹಿಂದಿನ ಗೋಡೆ ಹೊಸದಾಗಿ ಏಳಬೇಕು. ಬಾಗಿಲು ಮಾತ್ರ ಭಂಗಾರದಂಥದು ಎಂದು ಒಂದೊಂದಾಗಿ ಲೆಕ್ಕ ಹಾಕಿದರು. ಎರಡು ತಾಸು ಜಗ್ಗಾಡಿ ಹನ್ನೆರಡು ಲಕ್ಷ ಮೂವತ್ತು ಸಾವಿರಕ್ಕೆ ನಿಂತಿತು. ಒಪ್ಪುವ ಮುನ್ನ ತಂಗಿಗೆ ಕರೆ ಮಾಡಿದೆ, ಇಳಿದದ್ದರಲ್ಲಿ ಅರ್ಧ ಅವಳದು. “ಕೇಳಿ ಬಿಟ್ಟುಕೊಟ್ಟರ ನನಗೂ ಒಪ್ಪಿಗಿ” ಎಂದಳು.

ಇಸಾರ ಚೀಟಿ ಬರೆದುಕೊಂಡೆವು. ಇಸಾರದಿಂದ ಸ್ವತ್ತು ವರ್ಗವಾಗುವುದಿಲ್ಲ. ನೂರು ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ಪತ್ರ ನೋಂದಣಿಯಾಗಲೇಬೇಕು ಎಂಬುದನ್ನು ಓದುಗರು ಮರೆಯಬಾರದು. ಹಣವೆಲ್ಲ ಬ್ಯಾಂಕಿನ ಮೂಲಕವೇ ಬಂತು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ 2015ರ ಜೂನ್ 1ರಿಂದ ನಿಷೇಧವಿದೆ. ಪಡೆದವನಿಗೆ ಪಡೆದಷ್ಟೇ ದಂಡ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಉಪಕರ ಮತ್ತು ಅಧಿಭಾರ. ನೋಂದಣಿ ಶುಲ್ಕ ಆಗ ನೂರಕ್ಕೆ 1 ಇತ್ತು. 2025ರ ಆಗಸ್ಟ್ 31ರಿಂದ 2 ಆಗಿದೆ. ಇವು ಕೊಳ್ಳುವವನ ಖರ್ಚು. ಕಾವೇರಿ 2.0 ತಂತ್ರಾಂಶದಲ್ಲಿ ಮೊದಲೇ ಕಾಗದಗಳನ್ನು ಏರಿಸಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಪತ್ರದ ಕರಡನ್ನು ಮಾತ್ರ ವಕೀಲರಿಂದಲೇ ಬರೆಸಿದೆ. ದಲಾಲನಿಲ್ಲದೆ ನಡೆದೀತು, ವಕೀಲನಿಲ್ಲದೆ ನಡೆಸಬೇಡಿ.

ಇನ್ನು ಲಾಭ-ನಷ್ಟದ ಲೆಕ್ಕ. ಹದಿನಾಲ್ಕು ಲಕ್ಷಕ್ಕೆ ಕೊಡಬೇಕಾಗಿದ್ದ ದಲಾಲಿ ಇಪ್ಪತ್ತೆಂಟು ಸಾವಿರ ಉಳಿಯಿತು. ಒಂದು ಲಕ್ಷ ಎಪ್ಪತ್ತು ಸಾವಿರ ಬಿಟ್ಟುಹೋಯಿತು. ನನ್ನ ವಿದ್ಯಾರ್ಥಿಗಳು ಇದನ್ನು ನಷ್ಟವೆಂದೇ ಬರೆಯುತ್ತಿದ್ದರು, ನಾನೂ ಪೂರ್ಣ ಅಂಕ ಕೊಡುತ್ತಿದ್ದೆ. ದಲಾಲರೆಲ್ಲ ಕೆಟ್ಟವರೆಂದು ಹೇಳಲು ನನಗೀಗ ಬಾಯಿಲ್ಲ. ಅವರ ಕೆಲಸವನ್ನು ನಾವೇ ಮಾಡಲು ಹೊರಟರೆ, ಅವರ ಮೇಲೆ ಹಾಕುತ್ತಿದ್ದ ತಪ್ಪುಗಳನ್ನೂ ನಾವೇ ಹೊರಬೇಕಾಗುತ್ತದೆ.

ಫೆಬ್ರವರಿಯಲ್ಲಿ ಅಥಣಿಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಾವೆಲ್ಲ ಸೇರಿದೆವು. ಭಾವಚಿತ್ರ, ಹೆಬ್ಬೆರಳ ಗುರುತು, ಸಹಿ. ಆ ಹುಡುಗ ಸಹಿ ಮಾಡುವಾಗ ಬೆಲೆಯ ಸಾಲನ್ನು ಬೆರಳಿಟ್ಟು ಓದಿಕೊಂಡ, ನೋಡಿ ಸಂತೋಷವಾಯಿತು. ತಂಗಿಯ ಸರದಿ ಬಂದಾಗ ಅವಳು ಕನ್ನಡಕ ಹಾಕಿಕೊಂಡು, ‘ಮಾರಾಟಗಾರರು’ ಎಂಬಲ್ಲಿ ನನ್ನ ಹೆಸರಿನ ಕೆಳಗಿದ್ದ ತನ್ನ ಪೂರ್ತಿ ಹೆಸರನ್ನು ನಿಧಾನವಾಗಿ ಎರಡು ಸಲ ಓದಿದಳು. ಆಮೇಲೆ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದಳು.

ಹುಟ್ಟಿ ಬೆಳೆದ ಮನೆಯ ದಾಖಲೆಯಲ್ಲಿ ಅವಳ ಹೆಸರು ಇದ್ದದ್ದು ಒಟ್ಟು ಮೂರೇ ತಿಂಗಳು. ಇಪ್ಪತ್ತೈದು ವರ್ಷ ಇರಬಹುದಾಗಿತ್ತು.