ನನಗೇನೂ ತೊಂದರೆ ಆಗಿಲ್ಲ

ಒಳಗೆ ಮುರಿದಿದ್ದ ಒಂದು ಕುದುರೆ ಜೀನನ್ನು, ಮುರಿದಿದೆ ಎಂದು ಚೆನ್ನಾಗಿ ಗೊತ್ತಿದ್ದೂ, ನಾನು ಇನ್ನೊಬ್ಬರಿಗೆ ಮಾರಿದ್ದೇನೆ. ಆನ್‌ಲೈನಿನಲ್ಲಿ ಫೋಟೊ ಹಾಕಿ, ಬೆಲೆ ಬರೆದು, ದುಡ್ಡು ಎಣಿಸಿಕೊಂಡು ಮಾರಿದ್ದೇನೆ. ಹಳೆಯ ಸಾಮಾನು ಕೊಳ್ಳುವವರಿಗೆ ಎಚ್ಚರಿಕೆ ಹೇಳುವವರೆಲ್ಲ ಮೋಸ ಹೋದವರ ಕಡೆಯಿಂದಲೇ ಮಾತಾಡುತ್ತಾರೆ. ನಾನು ಎರಡೂ ಕಡೆ ನಿಂತಿದ್ದೇನೆ. ಮೋಸ ಹೋದದ್ದನ್ನು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ, ಮೋಸ ಮಾಡಿದ್ದನ್ನು ಹೇಳಿಕೊಳ್ಳುತ್ತಿರುವುದು ಈಗಲೇ.

ಜೀನು ಎಂದರೆ ಹೊರಗೆ ಹೊಳೆಯುವ ತೊಗಲಲ್ಲ. ಅದರೊಳಗೊಂದು ಚೌಕಟ್ಟು ಇರುತ್ತದೆ, ಸವಾರರು ಅದನ್ನು ‘ಟ್ರೀ’ ಎನ್ನುತ್ತಾರೆ. ತೆಳುವಾದ ಮರದ ಪದರಗಳನ್ನು ಅಂಟಿಸಿ ಬಾಗಿಸಿ, ಉಕ್ಕಿನ ಪಟ್ಟಿಗಳಿಂದ ಬಿಗಿ ಮಾಡಿದ್ದು. ಈಚೆಗೆ ಪ್ಲಾಸ್ಟಿಕ್ಕಿನದೂ ಬಂದಿದೆ. ಸವಾರನ ಭಾರ ಕುದುರೆಯ ಬೆನ್ನುಮೂಳೆಯ ಮೇಲೆ ನೇರವಾಗಿ ಬೀಳದಂತೆ, ಅದರ ಎರಡು ಪಕ್ಕದ ಮಾಂಸಖಂಡಗಳಿಗೆ ಸಮನಾಗಿ ಹಂಚುವುದು ಈ ಚೌಕಟ್ಟಿನ ಕೆಲಸ. ಅದರ ಅಡಿಗೆ ಉಣ್ಣೆಯೋ ಫೋಮೋ ತುಂಬಿದ ಎರಡು ದಿಂಬುಗಳು, ನಡುವೆ ಬೆನ್ನುಮೂಳೆಗೆ ಏನೂ ತಾಗದಂತೆ ಬಿಟ್ಟ ಓಣಿ. ಚೌಕಟ್ಟು ಒಂದು ಕಡೆ ಬಿರುಕು ಬಿಟ್ಟರೆ ಇಡೀ ಜೀನು ಆ ಕಡೆಗೆ ಕುಸಿಯುತ್ತದೆ. ಕೂತವನಿಗೆ ಅದು ತಿಳಿಯದೇ ಇರಬಹುದು. ಹೊತ್ತದ್ದಕ್ಕೆ ಪ್ರತಿ ಹೆಜ್ಜೆಗೂ ತಿಳಿಯುತ್ತದೆ.

ಯುರೋಪಿನ ಹೆಸರಾಂತ ತಯಾರಕರ ಹೊಸ ಜೀನಿಗೆ ಲಕ್ಷಗಳಲ್ಲಿ ತೆರಬೇಕು. ಕಾನ್ಪುರದಲ್ಲಿ ಬ್ರಿಟಿಷ್ ಸೇನೆಯ ಕಾಲದಿಂದಲೂ ಜೀನು ಹೊಲಿಯುತ್ತಾರೆ, ಅಲ್ಲಿನ ಕಸುಬಿಗೆ ಜಿಐ ಮಾನ್ಯತೆಯೂ ಇದೆ, ಅಲ್ಲಿಂದ ಹೊರದೇಶಗಳಿಗೂ ಹೋಗುತ್ತದೆ. ಅಲ್ಲಿನದು ಅಗ್ಗ. ಆದರೆ ಬಹಳ ಒಳ್ಳೆಯದೂ ತೀರ ಕಳಪೆಯೂ ಅದೇ ಊರಿನಿಂದ ಬರುತ್ತವೆ, ಫೋಟೊದಲ್ಲಿ ಎರಡೂ ಒಂದೇ. ಹಾಗಾಗಿ ಬೆಂಗಳೂರಿನ ಹೊರವಲಯದ ಸವಾರಿ ಶಾಲೆಗಳಲ್ಲಿ ಕಲಿತು, ಸ್ವಂತಕ್ಕೊಂದು ಜೀನು ಬೇಕು ಅನ್ನಿಸಿದ ನನ್ನಂಥವರು ಫೋನಿನಲ್ಲಿ ಹಳೆಯ ಮಾಲು ಹುಡುಕಲು ಕೂರುತ್ತೇವೆ. ಸವಾರಿ ಬಿಟ್ಟವರು, ಊರು ಬಿಟ್ಟವರು, ಮಕ್ಕಳು ಬೆಳೆದು ಚಿಕ್ಕ ಜೀನು ಸಾಲದೇ ಹೋದವರು ಮಾರಲು ಇಟ್ಟಿರುತ್ತಾರೆ.

ನಾನು ಕೊಂಡದ್ದು ಬೇರೆ ರಾಜ್ಯದ ಒಬ್ಬರಿಂದ. ಹದಿನೇಳೂವರೆ ಇಂಚಿನ ಸೀಟು, ಕಡು ಕಂದು ಬಣ್ಣ, ಹೊಸದರ ಕಾಲು ಭಾಗ ಬೆಲೆ. ಸೀಟಿನ ಅಳತೆ ಕೇಳಿದೆ, ಅದು ನನ್ನ ಅಳತೆ. ಮುಂದಿನ ಕಮಾನಿನ ಅಗಲ ಕೇಳಲಿಲ್ಲ, ಅದು ಕುದುರೆಯ ಅಳತೆ. ಅಡಿಭಾಗದ ಫೋಟೊ ಕೇಳಲಿಲ್ಲ. ಅವರು ಕಳಿಸಿದ್ದು ಎಡಗಡೆಯಿಂದ ತೆಗೆದ ಚೆಂದದ ಚಿತ್ರಗಳು. ವಿಜಯನಗರದ ಅರಸ ಸಾಳುವ ನರಸಿಂಹ ಕುದುರೆ ವ್ಯಾಪಾರಿಗಳಿಗೆ ಎಷ್ಟು ಧಾರಾಳಿಯಾಗಿದ್ದನೆಂದರೆ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ ಎಂದು ಮುಂದೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅರಸನಿಗೆ ಬಾಲಕ್ಕೆ ದುಡ್ಡು ಕೊಡುತ್ತಿದ್ದೇನೆ ಎಂಬುದಾದರೂ ಗೊತ್ತಿತ್ತು. ನಾನು ಬಾಲದ ಚಿತ್ರ ನೋಡಿ ಕುದುರೆಯ ಬೆಲೆ ಕಳಿಸಿದ್ದೆ.

ಪೆಟ್ಟಿಗೆ ಬಂದಾಗ ಒಂದು ಮೂಲೆ ನಜ್ಜುಗುಜ್ಜಾಗಿತ್ತು. ಕಮಾನಿನ ಸುತ್ತ ಒಂದು ಬಟ್ಟೆಯನ್ನೂ ತುರುಕಿರಲಿಲ್ಲ. ಆಗಲೇ ಮುರಿದಿತ್ತೋ, ದಾರಿಯಲ್ಲಿ ಮುರಿಯಿತೋ, ಮಾರಿದವರಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ತೊಗಲಿಗೆ ಧಾರಾಳವಾಗಿ ಎಣ್ಣೆ ಕುಡಿಸಿದ್ದರು. ಅದರ ವಾಸನೆಗೇ ನಾನು ಮರುಳಾದೆ.

ಗೌರಿ ರೇಸ್‌ನಿಂದ ನಿವೃತ್ತಿಯಾಗಿ ಸವಾರಿ ಶಾಲೆಗೆ ಬಂದಿದ್ದ ಥರೋಬ್ರೆಡ್. ಅವಳ ಖರ್ಚಿನ ಒಂದು ಪಾಲು ನನ್ನದು, ವಾರದ ಕೆಲವು ದಿನ ಅವಳ ಮೇಲಿನ ಹಕ್ಕೂ ನನ್ನದು. ರೇಸ್ ಕುದುರೆಗಳಲ್ಲಿ ಹಲವಕ್ಕೆ ಇರುವಂತೆ ಅವಳಿಗೂ ಕತ್ತು ಬೆನ್ನಿಗೆ ಸೇರುವ ಕಡೆಯ ದಿಬ್ಬ ಎತ್ತರ, ಅದರ ಎರಡೂ ಪಕ್ಕ ತಗ್ಗು. ಹೊಸ ಜೀನು ಹಾಕಲು ಶುರುವಾದ ಸ್ವಲ್ಪ ದಿನಕ್ಕೇ, ಗರ್ತ್ ಎಂಬ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಲಗಿಸಿ ಹಲ್ಲು ಕಚ್ಚತೊಡಗಿದಳು. ನಾನು ಹತ್ತಿ ಕೂತರೆ ಬೆನ್ನು ಕೆಳಗೆ ಇಳಿಸುವಳು. ಎಡಕ್ಕೆ ಕ್ಯಾಂಟರ್ ಕೇಳಿದರೆ ಬಾಲ ಬೀಸಿ ನಿಂತುಬಿಡುವಳು. ಹೆಣ್ಣು ಕುದುರೆಗಳ ಮೊಂಡುತನ ಎಂದು ನನ್ನ ಜೊತೆಯವರು ಹೇಳಿದರು, ನಾನೂ ಒಪ್ಪಿಕೊಂಡೆ. ಕೋಲು ಹಿಡಿದೆ. ಈ ಒಂದು ವಾಕ್ಯ ಬರೆಯುವುದು ನನಗೆ ಸುಲಭವಲ್ಲ. ಒಳಗೆ ಮುರಿದ ಮರ ಅವಳ ಎಡಭುಜದ ಹಿಂದೆ ಒತ್ತುತ್ತಿದ್ದಾಗ, ಮುಂದೆ ಹೋಗು ಎಂದು ನಾನು ಹೊರಗಿನಿಂದ ಹೊಡೆಯುತ್ತಿದ್ದೆ. ಅವಳು ನನ್ನನ್ನು ಒಮ್ಮೆಯೂ ಕೆಡವಲಿಲ್ಲ.

ಮೊದಲು ಕಂಡುಹಿಡಿದವರು ಅಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ವಯಸ್ಸಾದ ಸೈಸ್. ಸವಾರಿ ಮುಗಿಸಿ ಜೀನು ಇಳಿಸಿದಾಗ ಅವಳ ಬೆನ್ನು ತೋರಿಸಿದರು. “ಸಾರ್, ಸುತ್ತ ಎಲ್ಲಾ ಬೆವರು ಐತೆ. ಇಷ್ಟಗಲ ಮಾತ್ರ ಒಣಗೈತೆ ನೋಡಿ. ಜೀನು ಒತ್ತುತಾ ಐತೆ.” ವಿಪರೀತ ಒತ್ತಿದ ಜಾಗದಲ್ಲಿ ಬೆವರು ಬರುವುದಿಲ್ಲ ಎಂಬುದು ಅವರಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು. ನಾನು ಅವರ ಮಾತು ಕೇಳಿಯೂ ಕೇಳದವನಂತೆ ದಪ್ಪನೆಯ ಜೆಲ್ ಪ್ಯಾಡ್ ತರಿಸಿದೆ. ಮೊದಲೇ ಇಕ್ಕಟ್ಟಾಗಿರುವ ಜೀನಿನ ಅಡಿಗೆ ದಪ್ಪ ಪ್ಯಾಡ್ ಇಟ್ಟರೆ ಅದು ಇನ್ನೂ ಬಿಗಿಯಾಗುತ್ತದೆ. ಬಾವು ಬಂತು, ಆಮೇಲೆ ಕೂದಲು ಉದುರಿತು. ಒತ್ತಡಕ್ಕೆ ಕೂದಲಿನ ಬುಡದಲ್ಲಿ ಬಣ್ಣ ಹುಟ್ಟಿಸುವ ಜೀವಕೋಶಗಳು ಸತ್ತರೆ ಅಲ್ಲಿ ಮುಂದೆ ಬಿಳಿಯ ಕೂದಲೇ ಬೆಳೆಯುತ್ತದೆ. ಗೌರಿಯ ಕಂದು ಮೈಮೇಲೆ ಆ ಬಿಳಿ ಮಚ್ಚೆ ಈಗಲೂ ಇದೆ.

ಆಗ ಜೀನನ್ನು ರಿಪೇರಿ ಮಾಡುವ ಒಬ್ಬ ಹಿರಿಯರ ಬಳಿ ಒಯ್ದೆ. ರೇಸ್ ಕುದುರೆಗಳ ತೊಗಲಿನ ಸಾಮಾನು ಹೊಲಿಯುತ್ತಾ ಬಂದವರು. ಅವರು ತೊಗಲನ್ನು ನೋಡಲೇ ಇಲ್ಲ. ಮುಂದಿನ ಕಮಾನಿನ ಎರಡು ಕಾಲುಗಳನ್ನು ಎರಡು ಕೈಯಲ್ಲಿ ಹಿಡಿದು ಒಳಕ್ಕೆ ಅದುಮಿ ಹೊರಕ್ಕೆ ಎಳೆದರು. ಕಿರ್ ಎಂದಿತು. ಗಟ್ಟಿ ಕಮಾನು ಅಲುಗಬಾರದು. ಆಮೇಲೆ ಕಮಾನನ್ನು ಹೊಟ್ಟೆಗೆ ಆನಿಸಿಕೊಂಡು ಹಿಂಬದಿಯ ಏರನ್ನು ತಮ್ಮ ಕಡೆ ಎಳೆದರು. ಅಲ್ಲಿ ಒಂಚೂರು ಬಗ್ಗಿ ವಾಪಸ್ ಬರಬೇಕು, ಸೀಟಿನ ನಡುವೆ ಮಡಿಕೆ ಬಿದ್ದರೆ ಚೌಕಟ್ಟು ಅಲ್ಲೂ ಹೋಗಿದೆ ಎಂದರ್ಥ. ಬಳಿಕ ಜೀನನ್ನು ಮಗುಚಿ ಹಾಕಿ, ದಿಂಬುಗಳಲ್ಲಿ ಒಂದು ಇನ್ನೊಂದಕ್ಕಿಂತ ಚಪ್ಪಟೆಯಾಗಿರುವುದನ್ನು ಬೆರಳಿನಲ್ಲಿ ತೋರಿಸಿದರು. ಗರ್ತ್ ಕಟ್ಟುವ ಪಟ್ಟಿಗಳ ತೂತುಗಳು ಉದ್ದಕ್ಕೆ ಹರಿದಿದ್ದವು. ಅಗತ್ಯಕ್ಕಿಂತ ಹೆಚ್ಚು ಎಣ್ಣೆ ಬಿದ್ದು ಹೊಲಿಗೆಯ ದಾರ ಕೊಳೆತಿತ್ತು. ಇಷ್ಟೆಲ್ಲಕ್ಕೂ ಕೆಲವೇ ನಿಮಿಷ ಸಾಕಾಗಿತ್ತು. “ಇದನ್ನ ಇನ್ನು ಯಾವ ಕುದುರೆ ಮೇಲೂ ಹಾಕ್ಬೇಡಿ ಸಾರ್. ರಿಪೇರಿ ದುಡ್ಡಲ್ಲಿ ಇನ್ನೊಂದು ಬರುತ್ತೆ” ಎಂದರು.

ಯಾವ ಕುದುರೆಯ ಮೇಲೂ ಎಂದು ಅವರು ಒತ್ತಿ ಹೇಳಿದ್ದು ಸ್ಪಷ್ಟವಾಗಿ ನೆನಪಿದೆ. ಆದರೂ ಮನೆಗೆ ಬಂದವನೇ ಜೀನನ್ನು ಒರೆಸಿ, ಸಂಜೆಯ ಬೆಳಕಿಗೆ ಇಟ್ಟು, ಎಡಗಡೆಯಿಂದ ಫೋಟೊ ತೆಗೆದೆ. ನನಗೆ ಕಳಿಸಿದ್ದ ಚಿತ್ರಗಳು ಹೇಗಿದ್ದವೋ ಹಾಗೆಯೇ. ನಾನು ಮೋಸ ಹೋಗಿದ್ದೇನೆ, ನನ್ನ ನಷ್ಟವನ್ನು ಯಾರಿಗಾದರೂ ದಾಟಿಸಿದರೆ ಲೆಕ್ಕ ಸಮ ಎಂಬ ಭಾವನೆ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಎಲ್ಲರೂ ಹೀಗೆಯೇ ಮಾಡುವುದು ಎಂದು ಜೊತೆಯವರೊಬ್ಬರು ಅಂದರು, ಅದೂ ಸಮಾಧಾನವಾಯಿತು. ‘ಒಳ್ಳೆಯ ಸ್ಥಿತಿಯಲ್ಲಿದೆ, ಕಡಿಮೆ ಬಳಸಿದ್ದು’ ಎಂದು ಬರೆದೆ.

ಕೇಳಿಕೊಂಡು ಬಂದವರು ಬೇರೆ ಜಿಲ್ಲೆಯ ಒಬ್ಬ ಯುವಕ. ಮನೆಯಲ್ಲಿ ಒಂದು ಮಾರ್ವಾರಿ ಕುದುರೆ ಸಾಕಿದ್ದರು, ಅಲ್ಲಿಯವರೆಗೆ ಕಂಬಳಿ ಹಾಕಿಯೇ ಹತ್ತುತ್ತಿದ್ದರಂತೆ. ನನ್ನನ್ನು ದೊಡ್ಡ ಸವಾರ ಎಂದೇ ತಿಳಿದಿದ್ದರು. ಅಳತೆಗಳ ಬಗ್ಗೆ ಅವರಿಗೆ ಏನು ಕೇಳಬೇಕೆಂದೇ ತಿಳಿಯದು. ಕೊನೆಗೆ ಒಂದೇ ಪ್ರಶ್ನೆ ಕಳಿಸಿದರು: “ಸರ್, ಇದರಲ್ಲಿ ಏನಾದ್ರೂ ತೊಂದರೆ ಇದೆಯಾ?”

ನಾನು ಬರೆದೆ: “ನನಗೇನೂ ತೊಂದರೆ ಆಗಿಲ್ಲ.”

ಅದು ಅಕ್ಷರಶಃ ನಿಜ, ಅದಕ್ಕೇ ಆರಿಸಿಕೊಂಡು ಬರೆದೆ. ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ಈ ವ್ಯಾಪಾರದಲ್ಲಿ ಮಾತಾಡುವವರು ಇಬ್ಬರು, ಮಾಲಿನ ಭಾರ ಹೊರುವುದು ಇಬ್ಬರೂ ಅಲ್ಲ. ಬೆಲೆ ಚೌಕಾಸಿ ಮಾಡುವಾಗ ನಮ್ಮಿಬ್ಬರ ನಡುವೆ ಕುದುರೆಯ ಮಾತೇ ಬರಲಿಲ್ಲ. ಗಾಯದಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದು ದುಡಿಸಿದವನನ್ನು ಕೇಳುತ್ತದೆ, ಗಾಯ ಮಾಡುವ ಜೀನು ಮಾರಿದವನ ಹೆಸರು ಅಲ್ಲಿ ಬರುವುದಿಲ್ಲ. ಕಾನೂನು ಹಿಡಿಯದ್ದನ್ನು ನಾನೇ ಹಿಡಿಯಬೇಕಿತ್ತು, ಹಿಡಿಯಲಿಲ್ಲ.

ಕೆಲವು ವಾರಗಳ ನಂತರ ಆ ಯುವಕನಿಂದ ಒಂದು ಫೋಟೊ ಬಂತು. ಕುದುರೆಯ ಬೆನ್ನು. ಎಡಗಡೆ ಅದೇ ಜಾಗ, ಚರ್ಮ ಸುಲಿದು ಕೆಂಪಗಾಗಿತ್ತು. ಬೈಗುಳ ಬಂದಿದ್ದರೆ ಬಹುಶಃ ವಾದಕ್ಕೆ ನಿಲ್ಲುತ್ತಿದ್ದೆ. ಕೆಳಗೆ ಬರೆದಿದ್ದು: “ಸರ್, ನಾನು ಜೀನು ಕಟ್ಟೋದ್ರಲ್ಲಿ ಏನೋ ತಪ್ಪು ಮಾಡ್ತಿದೀನಿ ಅನ್ಸುತ್ತೆ. ಇದಕ್ಕೆ ಏನು ಹಚ್ಚಬೇಕು?”

ಫೋನ್ ಮಾಡಿದೆ. ಜೀನು ಮುರಿದದ್ದು, ನನಗೆ ಮೊದಲೇ ಗೊತ್ತಿತ್ತು, ನಿಮ್ಮ ತಪ್ಪೇನೂ ಇಲ್ಲ, ಬೆನ್ನಿನ ಮೇಲೆ ಏನೂ ಹಾಕದೆ ಪೂರ್ತಿ ವಾಸಿಯಾಗುವ ತನಕ ಬಿಡಿ, ಪಶುವೈದ್ಯರನ್ನು ಕರೆಸಿ, ಖರ್ಚು ನಾನು ಕೊಡುತ್ತೇನೆ ಎಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. “ಅವತ್ತೇ ಕೇಳಿದ್ದೆನಲ್ಲ ಸರ್” ಎಂದರು. ಅಷ್ಟೇ. ಜೀನಿನ ದುಡ್ಡು, ಕೊರಿಯರ್ ದುಡ್ಡು, ವೈದ್ಯರ ದುಡ್ಡು ಕಳಿಸಿದೆ. ತೆಗೆದುಕೊಂಡರು. ಕುದುರೆ ಹೇಗಿದೆ ಎಂದು ಆಮೇಲೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಅದನ್ನು ಕೇಳುವ ಹಕ್ಕು ನನಗೆ ಉಳಿದಿರಲೂ ಇಲ್ಲ.

ಜೀನು ವಾಪಸ್ ಬಂದಾಗ ಆ ಹಿರಿಯರ ಬಳಿಗೇ ಒಯ್ದು, ಗರ್ತ್ ಪಟ್ಟಿಗಳನ್ನು ಬುಡದಲ್ಲೇ ಕತ್ತರಿಸಿ ಹಾಕಿಸಿದೆ. ಅದನ್ನು ಇನ್ನು ಯಾರೂ ಕಟ್ಟಲಾಗದು. ಕಸಕ್ಕೆ ಹಾಗೆಯೇ ಎಸೆದಿದ್ದರೆ ಯಾರೋ ಎತ್ತಿಕೊಂಡು, ಒರೆಸಿ, ಫೋಟೊ ತೆಗೆಯುತ್ತಿದ್ದರು.

ಈಗಲೂ ಹಳೆಯ ಸಾಮಾನು ಕೊಳ್ಳುತ್ತೇನೆ, ಮಾರುತ್ತೇನೆ. ಬಿಡಲು ಕಾರಣ ಕಾಣುವುದಿಲ್ಲ. ಒಳ್ಳೆಯ ತೊಗಲು ಸರಿಯಾಗಿ ನೋಡಿಕೊಂಡರೆ ದಶಕಗಳು ಬಾಳುತ್ತದೆ, ಹೊಸ ತೊಗಲಿಗಿಂತ ಮೆತ್ತಗಿರುತ್ತದೆ. ಕೊಳ್ಳುವಾಗ ಕಮಾನನ್ನು ಅದುಮಿ, ಏರನ್ನು ಎಳೆದು ವಿಡಿಯೊ ಮಾಡಿ ಕಳಿಸಿ ಎನ್ನುತ್ತೇನೆ. ಕೆಲವರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ, ಅದೂ ಒಂದು ಉತ್ತರ. ರಿಕಾಬು ನೇತಾಡುವ ಪಟ್ಟಿಯನ್ನು ತೂತುಗಳ ಬಳಿ ಮಡಿಸಿದ ಫೋಟೊ ಬೇಕು, ಸವಾರಿಯ ನಡುವೆ ಅದು ಹರಿದರೆ ಬೀಳುವವರು ನಾವು. ಕಡಿವಾಣವಾದರೆ ಕೀಲು ಸವೆದು ಚೂಪಾಗಿದೆಯೇ ನೋಡಬೇಕು, ಅದು ಕೂರುವುದು ನಾಲಿಗೆಯ ಮೇಲೆ. ಹಳೆಯ ಹೆಲ್ಮೆಟ್ ಮಾತ್ರ ಯಾರಿಂದಲೂ ಕೊಳ್ಳುವುದಿಲ್ಲ. ಒಳಗಿನ ಥರ್ಮಾಕೋಲಿನಂಥ ಪದರ ಒಂದು ಪೆಟ್ಟಿಗೇ ಅದುಮಿಹೋಗಿರಬಹುದು, ಹೊರಗೆ ಗೀರೂ ಕಾಣದು. ಬೇರೆ ಲಾಯದಿಂದ ಬಂದದ್ದನ್ನು ತೊಳೆದು, ಔಷಧಿ ನೀರಿನಲ್ಲಿ ಒರೆಸಿ, ಬಿಸಿಲಿಗೆ ಹಾಕದೆ ಗೌರಿಯ ಹತ್ತಿರ ತರುವುದಿಲ್ಲ. ಚರ್ಮದ ಹುಳುಕಡ್ಡಿ ಗರ್ತ್‌ನಲ್ಲೂ ಪ್ಯಾಡಿನಲ್ಲೂ ಕೂತು ಬರುತ್ತದೆ. ಗ್ಲಾಂಡರ್ಸ್ ಎಂಬ ರೋಗ ಸೋಂಕು ತಗುಲಿದ ಲಗಾಮು, ನೀರಿನ ತೊಟ್ಟಿಗಳಿಂದಲೂ ಹರಡಬಲ್ಲದು. ಅದು ಮನುಷ್ಯರಿಗೂ ದಾಟುತ್ತದೆ. ಪತ್ತೆಯಾದ ಕುದುರೆಯನ್ನು ಕಾನೂನಿನಂತೆ ಕೊಲ್ಲಬೇಕಾಗುತ್ತದೆ.

ಮಾರುವಾಗ ಮೊದಲು ಅಡಿಭಾಗದ ಫೋಟೊ ಹಾಕುತ್ತೇನೆ, ಆಮೇಲೆ ದೋಷಗಳು, ಕೊನೆಗೆ ಚೆಂದದ್ದು. ಕೊಳ್ಳುವವರು ಕುದುರೆಯ ಬೆನ್ನಿನ ಅಳತೆ ಕಳಿಸಬೇಕು. ಬಗ್ಗುವ ತಂತಿಯೊಂದನ್ನು ದಿಬ್ಬದ ಹಿಂದೆ ಅಡ್ಡಲಾಗಿ ಇಟ್ಟು ಒತ್ತಿ, ಅದೇ ಆಕಾರದಲ್ಲಿ ಎತ್ತಿ ಕಾಗದದ ಮೇಲಿಟ್ಟು ಗೆರೆ ಎಳೆದರೆ ಸಾಕು. ಮೊನ್ನೆ ಒಬ್ಬರು ಹೇಳಿದ ಬೆಲೆಗೇ ಒಪ್ಪಿ ದುಡ್ಡು ಹಾಕಲು ಸಿದ್ಧರಿದ್ದರು. ಅವರ ಗೆರೆ ನನ್ನ ಜೀನಿನ ಕಮಾನಿಗಿಂತ ಬಹಳ ಅಗಲವಿತ್ತು. ಇದು ನಿಮ್ಮ ಕುದುರೆಗೆ ಒತ್ತುತ್ತದೆ, ಕೊಡುವುದಿಲ್ಲ ಎಂದೆ. “ನನ್ನ ಕುದುರೆ, ನನ್ನ ದುಡ್ಡು, ನಿಮಗೇನು ತೊಂದರೆ?” ಎಂದು ಸಿಟ್ಟಾದರು. ಆ ಜೀನು ಇನ್ನೂ ನನ್ನ ಮನೆಯಲ್ಲೇ ಇದೆ, ಬೆಲೆ ಸ್ವಲ್ಪ ಇಳಿಸಿದ್ದೇನೆ.